ತಪ್ಪಿನ ಡಬ್ಬಿಯ ಕಾಫಿ

ನರ್ಸಮ್ಮನ ಗಡಿಯಾರ ಮುಂಗೈಯಲ್ಲಿ ಇರುತ್ತಿರಲಿಲ್ಲ. ಎಡ ಭುಜದ ಕೆಳಗೆ, ಸೆರಗಿನ ಮಡಿಕೆಗೆ ಚುಚ್ಚಿದ ಪಿನ್ನಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು. ಎದುರು ಕೂತ ನಮಗೆ ಅದರಲ್ಲಿ ಗಂಟೆ ಎಷ್ಟೆಂದು ಗೊತ್ತಾಗುತ್ತಿರಲಿಲ್ಲ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ಗಲ್ಲ ತಗ್ಗಿಸಿ ನೋಡಿದರೆ ಅವರಿಗೆ ಮಾತ್ರ ನೆಟ್ಟಗೆ ಕಾಣುತ್ತಿತ್ತು. ಆಸ್ಪತ್ರೆಯ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಆ ಗಡಿಯಾರವನ್ನು ಬಿಟ್ಟಿರಲಿಲ್ಲ. ರೋಗಿಯ ನಾಡಿ ಹಿಡಿದು ನಿಮಿಷ ಎಣಿಸಿದ ಅದೇ ಗಡಿಯಾರದಲ್ಲಿ, ನಮ್ಮ ಬಾಯಿಂದ ಸ್ಪ್ಯಾನಿಷ್ ಯಾವಾಗ ಹೊರಡುತ್ತದೆ ಎಂದು ಕಾಯುತ್ತಿದ್ದರು.

ಮಲೆನಾಡಿನ ಮೂಲೆಯ ಕಳಸದಲ್ಲಿ ಸ್ಪ್ಯಾನಿಷ್ ಕ್ಲಾಸ್ ನಡೆಯುತ್ತಿತ್ತು ಎಂದರೆ ಈಗಲೂ ಜನ ನನ್ನ ಮುಖ ನೋಡುತ್ತಾರೆ. ತೊಂಬತ್ತರ ದಶಕದ ಕೊನೆಯ ಮಾತು. ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದು ಎಂದಾದ ಮೇಲೆ ನಮ್ಮ ಕಡೆಯ ಸಣ್ಣ ಬೆಳೆಗಾರರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಕಾಫಿಯ ಮಾದರಿ ಹುರಿದು ರುಚಿ ನೋಡುವ ಅದರ ಸ್ಯಾಂಪಲ್ ರೂಮಿನಲ್ಲಿ ನಾನು ಕೆಲಸಕ್ಕಿದ್ದೆ. ಸ್ಪೇನ್ ದೇಶದವರು ನಮ್ಮ ಬೆಟ್ಟದ ಕಾಫಿ ನೋಡಲು ಬರುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸಂಘದ ಅಧ್ಯಕ್ಷರಾಗಿದ್ದ ಗೌಡರು ನರ್ಸಮ್ಮನ ಜಗಲಿಯಲ್ಲಿ ಹೋಗಿ ಕೂತರು. ಆಲ್ದೂರಿನಲ್ಲಿ ಹುಟ್ಟಿ, ಸ್ಪೇನಿನ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ದುಡಿದು, ಕಳಸದ ತಂಗಿಯ ಮನೆಗೆ ಬಂದು ನೆಲೆಸಿದ್ದರು ನರ್ಸಮ್ಮ.

"ನಂಗೆ ಗ್ರಾಮರ್ ಪಾಠ ಮಾಡಕ್ಕೆ ಬರಲ್ಲ ಗೌಡ್ರೆ. ಮಾತಾಡಕ್ಕೆ ಮಾತ್ರ ಬರ್ತದೆ," ಎಂದರಂತೆ ನರ್ಸಮ್ಮ.

"ನಮಗೂ ಅಷ್ಟೇ ಸಾಕಲ್ಲ ಮಾರಾಯ್ರೆ," ಎಂದರಂತೆ ಗೌಡರು.

ತರಗತಿ ಎಂದರೆ ಸಂಘದ ಗೋಡೌನು. ಒಳಸಿಪ್ಪೆ ಬಿಡಿಸದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳೇ ಬೆಂಚು. ಸಂಜೆ ಐದಕ್ಕೆ ಒಂಬತ್ತು ಜನ ಸೇರುತ್ತಿದ್ದೆವು: ಎಸ್ಟೇಟಿನ ಲೆಕ್ಕ ಬರೆಯುವ ಇಬ್ಬರು ರೈಟರುಗಳು, ಒಬ್ಬ ಜೀಪ್ ಡ್ರೈವರ್, ಬೀಜ ಆರಿಸಲು ಬರುವ ನಾಲ್ವರು ಹೆಂಗಸರು, ಗೌಡರು ಮತ್ತು ನಾನು. ಒಂದನೇ ಕ್ಲಾಸಿನಿಂದ ಡಿಗ್ರಿಯವರೆಗೆ ಮೊದಲ ಬೆಂಚು ಬಿಟ್ಟು ಕೂತವಳಲ್ಲ ನಾನು. ಬ್ರೌನ್ ಪೇಪರ್ ಹಾಕಿದ ಇನ್ನೂರು ಪುಟದ ನೋಟ್ ಬುಕ್ಕು, ಎರಡು ಬಣ್ಣದ ಪೆನ್ನು ಹಿಡಿದು ಜಂಬದಿಂದಲೇ ಹೋಗಿದ್ದೆ. ನರ್ಸಮ್ಮ ಆ ಪುಸ್ತಕವನ್ನು ಇಸಿದುಕೊಂಡು ಕುಂಟುತ್ತಿದ್ದ ಮೇಜಿನ ಕಾಲಿನಡಿ ತುರುಕಿದರು. ಮೇಜು ಅಲ್ಲಾಡುವುದು ನಿಂತಿತು.

"ಒಂದು ತಿಂಗಳು ಯಾರೂ ಬರೆಯೋ ಹಾಗಿಲ್ಲ. ಮೊದ್ಲು ಕೈಕಾಲು ಕಲೀಲಿ, ಬಾಯಿ ಹಿಂದಿಂದ ಬರ್ತದೆ."

ಹಾಗೇ ಮಾಡಿಸಿದರು ಕೂಡ. ಅವರು ಸ್ಪ್ಯಾನಿಷಿನಲ್ಲಿ ಹೇಳುವುದು, ನಾವು ಮಾಡುವುದು. ಏಳು, ಕೂರು, ಬಾಗಿಲು ಹಾಕು, ಚೀಲ ಎತ್ತು. ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ. ಮತ್ತೊಮ್ಮೆ ತಾವೇ ಮಾಡಿ ತೋರಿಸುತ್ತಿದ್ದರು. ಅರವತ್ತು ದಾಟಿದ ಗೌಡರು ಚೀಲ ಹೊತ್ತು ಗೋಡೌನು ಸುತ್ತಿದ್ದನ್ನು ನೋಡಿ ಬೀಜ ಆರಿಸುವ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಆಮೇಲಿನ ದಿನಗಳಲ್ಲಿ ನರ್ಸಮ್ಮ ರೋಗಿಯಾಗಿ ಚೀಲಗಳ ಮೇಲೆ ಅಡ್ಡಾದರು. ನರಳುವುದೇನು, ಹೊರಳುವುದೇನು! ನಾವು ಒಬ್ಬೊಬ್ಬರೇ ಹತ್ತಿರ ಹೋಗಿ, "ದೋಂದೆ ಲೆ ದುಎಲೆ?" ಎನ್ನಬೇಕು. ಎಲ್ಲಿ ನೋಯುತ್ತಿದೆ ಎಂದು ಅದರರ್ಥ. ತಲೆಯೋ ಹೊಟ್ಟೆಯೋ, ಯಾವಾಗಿನಿಂದ, ಜ್ವರ ಇದೆಯೇ, ಔಷಧಿ ತಗೊಂಡಿರಾ ಎಂದು ಕೇಳಿ ಕೇಳಿ ಕಾಯಿಲೆ ಕಂಡುಹಿಡಿಯಬೇಕು. ಪ್ರಶ್ನೆ ತಪ್ಪಿದರೆ ರೋಗಿ ಸತ್ತೇ ಹೋಗುತ್ತಿದ್ದರು. ಜೀಪ್ ಡ್ರೈವರ್ ಒಂದೇ ವಾರದಲ್ಲಿ ಅವರನ್ನು ನಾಲ್ಕು ಸಲ ಸಾಯಿಸಿದ.

ಇನ್ನು ಡಬ್ಬಿಯ ವಿಚಾರ. ಮೇಜಿನ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಇರುತ್ತಿತ್ತು, ಪಕ್ಕದಲ್ಲಿ ಒಂದು ಬುಟ್ಟಿ ಹಸಿ ಕಾಫಿ ಬೀಜ. ಯಾರು ಮಾತಾಡುತ್ತಾ ತಪ್ಪು ಮಾಡಿದರೂ ಒಂದು ಚಮಚ ಬೀಜ ಡಬ್ಬಿಗೆ. ಶನಿವಾರ ಅಷ್ಟನ್ನೂ ಇದ್ದಿಲ ಒಲೆಯ ಮೇಲೆ ಹುರಿದು, ಕೈಮಿಲ್ಲಿನಲ್ಲಿ ಬೀಸಿ, ಬೆಲ್ಲ ಹಾಕಿ ಎಲ್ಲರಿಗೂ ಕಾಫಿ ಮಾಡುತ್ತಿದ್ದರು. ಹೆಚ್ಚು ತಪ್ಪಾದ ವಾರ ಗಟ್ಟಿ ಕಾಫಿ, ಕಡಿಮೆಯಾದ ವಾರ ನೀರು ಕಾಫಿ. ಅವರಿಗೆ ಈ ಭಾಷೆ ಕಲಿಸಿದ್ದು ಸ್ಪೇನಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬ ಮುದುಕಿಯಂತೆ. ನರ್ಸಮ್ಮನ ತಪ್ಪಿಗೊಂದರಂತೆ ಲೋಟಕ್ಕೆ ಕಡಲೆಕಾಳು ಹಾಕಿಟ್ಟು, ವಾರದ ಕೊನೆಗೆ ಬೇಯಿಸಿ ಇಬ್ಬರೂ ತಿನ್ನುತ್ತಿದ್ದರಂತೆ. "ನನ್ನ ತಪ್ಪಲ್ಲೇ ನಾನು ಹೊಟ್ಟೆ ತುಂಬಿಸ್ಕೊಂಡೆ," ಎನ್ನುತ್ತಿದ್ದರು.

ಆ ಡಬ್ಬಿಗೆ ನನ್ನ ಪಾಲಿನದು ಒಂದು ಚಮಚವೂ ಬೀಳಲಿಲ್ಲ. ಏಕೆಂದರೆ ನಾನು ಬಾಯಿಯನ್ನೇ ಬಿಡುತ್ತಿರಲಿಲ್ಲ. ಅರ್ಥವೆಲ್ಲ ಆಗುತ್ತಿತ್ತು, ರಾತ್ರಿ ಮಲಗಿದಾಗ ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಆದರೆ ನಾಲ್ಕು ಜನರ ಮುಂದೆ ತಪ್ಪಾಗುವುದೆಂದರೆ ನನಗೆ ಜೀವ ಹೋದಂತೆ. ನರ್ಸಮ್ಮ ಪ್ರಶ್ನೆ ಕೇಳಿ, ಗಡಿಯಾರ ಎತ್ತಿ, ಪೂರ್ತಿ ಒಂದು ನಿಮಿಷ ಸುಮ್ಮನೆ ಕಾಯುತ್ತಿದ್ದರು. ಗದರುತ್ತಿರಲಿಲ್ಲ, ಉತ್ತರ ಎತ್ತಿಕೊಡುತ್ತಲೂ ಇರಲಿಲ್ಲ. ನಾನೂ ಹಟದವಳು, ನಿಮಿಷ ಮುಗಿಯುವವರೆಗೆ ನೆಲ ನೋಡುತ್ತಿದ್ದೆ.

"ನೀನು ಬಾಯಿ ಬಿಡಲ್ಲ, ಅದ್ಕೇ ಕಾಫಿ ಹಿಂಗೆ ನೀರು ನೀರು," ಎಂದು ಜೀಪ್ ಡ್ರೈವರ್ ಶನಿವಾರ ಶನಿವಾರ ಗೊಣಗುತ್ತಿದ್ದ.

ಒಮ್ಮೆ ಎಲ್ಲರೂ ಹೋದ ಮೇಲೆ ನರ್ಸಮ್ಮ ನನ್ನನ್ನು ನಿಲ್ಲಿಸಿಕೊಂಡರು. "ನೀನು ತಪ್ಪು ಮಾಡಲ್ಲ ಅಂತ ನಿಂಗೆ ಹೆಮ್ಮೆ. ನಂಗೆ ಅದೇ ಚಿಂತೆ ಕಣೆ ಹುಡುಗಿ. ಅಳದೇ ಇರೋ ರೋಗೀನ ಕಂಡ್ರೇ ನಂಗೆ ಹೆದ್ರಿಕೆ," ಎಂದರು. ನನಗೆ ಸಿಟ್ಟು ಬಂತು. ಎರಡು ದಿನ ಕ್ಲಾಸಿಗೆ ಹೋಗಲಿಲ್ಲ.

ಮಾರ್ಚಿನಲ್ಲಿ ಸ್ಪೇನಿನವರು ಬಂದೇ ಬಂದರು. ಬಂದವರಲ್ಲಿ ಮುಖ್ಯವಾದವರು ಕಾಫಿ ರುಚಿ ನೋಡುವ ಹೆಂಗಸು. ಅವರು ಹೂಂ ಎಂದರೆ ಆಯಿತು, ಉಹುಂ ಎಂದರೆ ಮುಗಿಯಿತು. ಗೌಡರ ಮಾತು ನಂಬಿ ಆ ವರ್ಷದ ಬೆಳೆಯನ್ನೆಲ್ಲ ಬೇರೆಲ್ಲೂ ಕೊಡದೆ ತಂದು ಗೋಡೌನಿಗೆ ಹಾಕಿದ್ದ ಬೆಳೆಗಾರರು ಬೆಳಿಗ್ಗೆಯೇ ಬಂದು ಅಂಗಳದಲ್ಲಿ ನಿಂತಿದ್ದರು. ಸ್ಪೇನಿನವರು ಬೇಡ ಎಂದರೆ ಸಂಘ ಅಂದೇ ಒಡೆಯುವುದು ಖಂಡಿತವಾಗಿತ್ತು. ವ್ಯಾಪಾರದ ಮಾತು ತಿಳಿಸಲು ಬೆಂಗಳೂರಿನಿಂದ ಒಬ್ಬ ದುಭಾಷಿಯನ್ನು ಕರೆಸಿದ್ದರು. ಕೊಟ್ಟಿಗೆಹಾರದಿಂದ ಈಚೆಯ ಬೆಟ್ಟದ ರಸ್ತೆಯ ತಿರುವುಗಳು ಆ ಪುಣ್ಯಾತ್ಮನ ಹೊಟ್ಟೆಯನ್ನು ಎಷ್ಟು ಕದಡಿದ್ದವೆಂದರೆ, ಜೀಪಿನಿಂದ ಇಳಿದವನೇ ನಿಂಬೆಹಣ್ಣು ಮೂಸುತ್ತಾ ಜಗಲಿಯ ಬೆಂಚಿನ ಮೇಲೆ ಮಲಗಿಬಿಟ್ಟ. ಕರೆದರೆ ಕೈ ಮಾತ್ರ ಅಲ್ಲಾಡಿಸುತ್ತಿದ್ದ.

ಆ ಹೆಂಗಸು ಕಾಯಲಿಲ್ಲ. ಸ್ಯಾಂಪಲ್ ರೂಮಿಗೆ ಬಂದು, ಸಾಲಾಗಿಟ್ಟ ಕಪ್ಪುಗಳಿಗೆ ಮೂಗು ತಂದು, ಚಮಚದಲ್ಲಿ ಸುರ್ ಎಂದು ಹೀರಿ ಉಗುಳಿದರು. ಇನ್ನೊಂದು ಕಪ್ಪು. ಮತ್ತೊಂದು. ಮುಖ ಗಂಟಾಯಿತು. ಚಮಚ ಕೆಳಗಿಟ್ಟು ಕೈಚೀಲ ಎತ್ತಿಕೊಂಡರು.

ಗೌಡರು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ನರ್ಸಮ್ಮನ ಕಡೆ ತಿರುಗಿ, "ನೀವಾದ್ರೂ ಎಂತ ಆಯ್ತು ಅಂತ ಕೇಳಿ ಮಾರಾಯ್ರೆ," ಎಂದರು. ಆ ಸೆಕೆಯಲ್ಲೂ ನರ್ಸಮ್ಮ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. ಗಂಟಲು ಮುಟ್ಟಿ ತೋರಿಸಿ, ಸ್ವರ ಬಿದ್ದಿದೆ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ನನ್ನನ್ನೇ ನೋಡುತ್ತಾ ಎರಡು ಬೆರಳಲ್ಲಿ ಗಡಿಯಾರ ಎತ್ತಿದರು.

ಜೀವಮಾನದಲ್ಲಿ ಅಷ್ಟು ಉದ್ದದ ನಿಮಿಷ ನಾನು ಕಂಡಿಲ್ಲ. ಕಿಟಕಿಯ ಆಚೆ ನಿಂತಿದ್ದ ಬೆಳೆಗಾರರ ಮುಖಗಳು, ಬಾಗಿಲಿನ ಕಡೆ ಹೆಜ್ಜೆ ಇಟ್ಟಿದ್ದ ಆ ಹೆಂಗಸು. ವ್ಯಾಪಾರದ ಮಾತು ನಮಗೆ ಯಾರು ಕಲಿಸಿದ್ದರು? ನಾವು ಕಲಿತದ್ದೆಲ್ಲ ಆಸ್ಪತ್ರೆಯ ವಾರ್ಡಿನ ಮಾತು. ಬಾಯಿಗೆ ಬಂದದ್ದು ಅದೊಂದೇ.

"ದೋಂದೆ ಲೆ ದುಎಲೆ?" ಎಂದುಬಿಟ್ಟೆ.

ಆ ಹೆಂಗಸು ಗಕ್ಕನೆ ನಿಂತು ತಿರುಗಿ ನೋಡಿದರು. ಕಾಫಿ ಬೇಡವೆಂದು ಹೊರಟವರನ್ನು ಎಲ್ಲಿ ನೋಯುತ್ತಿದೆ ಎಂದು ಯಾರೂ ಕೇಳಿರಲಿಕ್ಕಿಲ್ಲ. ಮೂಲೆಯಿಂದ ಖಣ್ ಎಂದು ಸದ್ದಾಯಿತು. ನರ್ಸಮ್ಮನ ಮಡಿಲಲ್ಲಿ ಡಬ್ಬಿ ಇತ್ತು. ವಾಕ್ಯ ಸರಿ, ಕೇಳಿದ ಜಾಗ ತಪ್ಪು: ನನ್ನ ಹೆಸರಿನ ಮೊದಲ ಚಮಚ ಅದರೊಳಗೆ ಬಿದ್ದಿತ್ತು. ಆ ಹೆಂಗಸು ಜೋರಾಗಿ ನಕ್ಕು, ಕೈಚೀಲ ಇಳಿಸಿ, ಮೂಗು ಮುಟ್ಟಿಕೊಂಡು ಬಡಬಡನೆ ಏನೇನೋ ಹೇಳಿದರು. ಆ ಮಾತಿನ ಹೊಳೆಯಲ್ಲಿ ನನಗೆ ಸಿಕ್ಕಿದ್ದು ಎರಡೇ: ವಾಸನೆ, ಆಸ್ಪತ್ರೆ.

"ಗೌಡ್ರೆ, ಫಿನಾಯಿಲ್!" ಎಂದು ಕೂಗಿದೆ.

ನೆಂಟರು ಬರುತ್ತಾರೆಂದು ಗೌಡರು ಬೆಳಿಗ್ಗೆಯಿಂದ ಮೂರು ಸಲ ಆ ರೂಮನ್ನು ಫಿನಾಯಿಲ್ ಹಾಕಿ ಒರೆಸಿಸಿದ್ದರು. ಬೀಸಿದ ಪುಡಿ ಕಪ್ಪುಗಳಲ್ಲಿ ಬಾಯಿ ತೆರೆದುಕೊಂಡು ಆ ಘಾಟನ್ನೆಲ್ಲ ಕುಡಿದಿತ್ತು. ಬೆಳಿಗ್ಗೆಯಿಂದ ಅಲ್ಲೇ ಇದ್ದ ನಮ್ಮ ಮೂಗಿಗೆ ಅದು ರೂಢಿಯಾಗಿ ಹೋಗಿತ್ತು. ಇದನ್ನು ಸ್ಪ್ಯಾನಿಷಿನಲ್ಲಿ ಹೇಗೆ ಹೇಳುವುದು? ಗೊತ್ತಿದ್ದುದರಲ್ಲೇ ಹೇಳಿದೆ. ಕಾಫಿಗೆ ಕಾಯಿಲೆ ಇಲ್ಲ. ರೂಮಿಗೆ ಕಾಯಿಲೆ. ಹೊರಗೆ ಬನ್ನಿ, ಚೆನ್ನಾಗಿ ಉಸಿರೆಳೆದುಕೊಳ್ಳಿ. ಖಣ್, ಖಣ್, ಖಣ್ ಎಂದು ಮೂಲೆಯಿಂದ ಬರುತ್ತಲೇ ಇತ್ತು. ನನಗೆ ನಾಚಿಕೆಯೇ ಆಗಲಿಲ್ಲ. ಇನ್ನಷ್ಟು ಮಾತಾಡಿದೆ.

ಕಾಫಿ ಒಣಗಿಸುವ ಕಣಕ್ಕೆ ಮೇಜು ಹೊತ್ತು ತಂದರು. ಆ ಹೆಂಗಸು ಬೆರಳು ತೋರಿಸಿದ ಚೀಲಗಳನ್ನು ಅವರೆದುರೇ ಬಿಚ್ಚಿ, ಬೀಜ ತೆಗೆದು, ಸಿಪ್ಪೆ ಬಿಡಿಸಿ, ಹುರಿದು, ಬೀಸಿ, ಬಿಸಿನೀರು ಸುರಿದೆವು. ಅವರು ಹೀರಿದರು. ಎರಡನೇ ಕಪ್ಪು, ಮೂರನೇ ಕಪ್ಪು. ನಾಲ್ಕನೆಯದನ್ನು ಉಗುಳಲೇ ಇಲ್ಲ, ನುಂಗಿದರು. ನನ್ನ ಹೆಗಲ ಮೇಲೆ ಕೈಯಿಟ್ಟು, ನನಗೆ ತಿಳಿಯಲೆಂದು ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದರು: "ಈ ರೋಗಿಗೆ ಜ್ವರ ಇಲ್ಲ. ಇವನನ್ನು ನಮ್ಮ ಮನೆಗೆ ಕಳಿಸಿಕೊಡಿ."

ನಾನು ಅದನ್ನು ಕನ್ನಡದಲ್ಲಿ ಕೂಗಿ ಹೇಳಿದಾಗ ಕಣದಲ್ಲಿ ಎದ್ದ ಗದ್ದಲಕ್ಕೆ ಬೆಂಚಿನ ಮೇಲಿದ್ದ ದುಭಾಷಿಯೂ ಎದ್ದು ಕೂತ. ಗೌಡರು ಟವೆಲಿನಲ್ಲಿ ಮುಖ ಒರೆಸಿಕೊಂಡರು, ಒಂದು ಸಲವಲ್ಲ. ನಾನು ಗೆದ್ದಿದ್ದೆ. ಎಷ್ಟೋ ರ‍್ಯಾಂಕು ಪ್ರೈಜುಗಳಲ್ಲಿ ಸಿಗದ ಸಂತೋಷ ಆ ಬಿಸಿಲಲ್ಲಿ ನಿಂತಾಗ ಸಿಕ್ಕಿತು.

ಹೊರಡುವ ಮುಂಚೆ ಆ ಹೆಂಗಸಿಗೆ ಕೊಟ್ಟದ್ದು ಡಬ್ಬಿಯ ಕಾಫಿಯನ್ನೇ. "ಮೂವತ್ತೇಳು ಚಮಚ, ಎಲ್ಲಾ ಇವಳೊಬ್ಬಳ್ದೇ," ಎಂದು ನರ್ಸಮ್ಮ ಸಾರಿದರು. ಆಮೇಲೆ ಮಫ್ಲರ್ ಬಿಚ್ಚಿ, ಅತಿಥಿಯ ಜೊತೆ ನೀರು ಕುಡಿದಷ್ಟು ಸಲೀಸಾಗಿ ಸ್ಪ್ಯಾನಿಷಿನಲ್ಲಿ ಹರಟತೊಡಗಿದರು!

"ನಿಮ್ಮ ಗಂಟಲು?" ಎಂದು ನಾನು ಕಣ್ಣು ಕೆಂಪಗೆ ಮಾಡಿಕೊಂಡು ಕೇಳಿದೆ.

"ಈಗಷ್ಟೇ ಬಿಡ್ತು ನೋಡು ಮಾರಾಯ್ತಿ," ಎಂದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಿಗೆ ನರ್ಸಮ್ಮ ಹಾಸಿಗೆ ಹಿಡಿದರು. ಅಷ್ಟು ಹೊತ್ತಿಗೆ ಗೋಡೌನಿನ ಕ್ಲಾಸು ನನ್ನ ಕೈಗೆ ಬಂದಿತ್ತು. ನೋಡಲು ಹೋದಾಗ ಪಕ್ಕದಲ್ಲಿ ಕೂತು, "ದೋಂದೆ ಲೆ ದುಎಲೆ?" ಎಂದೆ. ಎಲ್ಲೂ ಇಲ್ಲ ಎನ್ನುವಂತೆ ಬೆರಳಾಡಿಸಿದರು. "ನೀನು ಈಗ ತಪ್ಪೇ ಮಾಡಲ್ಲ ಅಂತೆ? ಯಾರೋ ಹೇಳಿದ್ರು. ಹುಷಾರು ಕಣೆ," ಎಂದು ನಕ್ಕರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಅವರು ತೀರಿಕೊಂಡ ವಾರದ ಶನಿವಾರ ಹಳಬರೂ ಹೊಸಬರೂ ಗೋಡೌನಿನಲ್ಲಿ ಸೇರಿದೆವು. ಅವರ ಬಗ್ಗೆ ಸ್ಪ್ಯಾನಿಷಿನಲ್ಲೇ ಮಾತಾಡಬೇಕೆಂದು ಹಟ ಹಿಡಿದವನು ಜೀಪ್ ಡ್ರೈವರ್. ನಿಂತ, ಅಳುತ್ತಾ ಅಳುತ್ತಾ ಬಾಯಿಗೆ ಬಂದಂತೆ ಹೇಳಿದ. ಬೀಜ ಆರಿಸುವ ಹೆಂಗಸರು ಹೇಳಿದರು. ಗೌಡರು ಹೇಳಿದರು. ನಾನು ಚಮಚ ಹಿಡಿದು ಡಬ್ಬಿಯ ಪಕ್ಕ ಕೂತಿದ್ದೆ. ಕೊನೆಗೆ ಚಮಚವನ್ನು ಡ್ರೈವರನ ಕೈಗೆ ಕೊಟ್ಟು ನಾನೂ ಎದ್ದೆ. ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ಅವನು ಹಾಕುತ್ತಲೇ ಇದ್ದ, ನಾನು ಹೇಳುತ್ತಲೇ ಇದ್ದೆ. ಆ ಸಂಜೆಯ ಕಾಫಿ ಎಷ್ಟು ಗಟ್ಟಿಯಾಗಿತ್ತೆಂದರೆ, ಎಷ್ಟು ಹಾಲು ಸುರಿದರೂ ಬಣ್ಣ ತಿರುಗಲಿಲ್ಲ.