ಆರು ಪದರದ ಪೆಟ್ಟಿಗೆ

ಚನ್ನಪಟ್ಟಣಕ್ಕೆ ಬಂದ ಮೂರನೆಯ ವರ್ಷ ನನ್ನ ಮುಂದೆ ಮನುಷ್ಯನ ಮಿದುಳು ತಂದಿಟ್ಟು, ಇದನ್ನು ಜೋಡಿಸು ಅಂದರು. ಮರದ ಮಿದುಳು, ಬಣ್ಣದ ಅರಗು ಬಳಿದದ್ದು. ಆದರೂ ಮುಟ್ಟುವ ಮೊದಲು ಸೆರಗಿಗೆ ಕೈ ಒರೆಸಿಕೊಂಡೆ.

ಕುರಿಯ ಮಿದುಳು ನನಗೆ ಗೊತ್ತು. ಕೋಡಿಹಳ್ಳಿ ಕಡೆ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಕುರಿ ಸಾಕುವ ಮನೆಗೇ ಸೊಸೆಯಾದವಳು ನಾನು. ತಲೆ ಸುಟ್ಟು, ಒಡೆದು, ಮಿದುಳು ತೆಗೆದು ಮೆಣಸು ಹಾಕಿ ಹುರಿದಿದ್ದೇನೆ. ಅದರಲ್ಲಿ ಯಾವ ಪದರವನ್ನೂ ಕಂಡಿರಲಿಲ್ಲ.

ಊರಿನಲ್ಲಿರುವ ನೀವು ಸಿಕ್ಕಾಗಲೆಲ್ಲ ಕೇಳುತ್ತೀರಿ, ಅಲ್ಲೇನು ಮಾಡುತ್ತೀಯ ಎಂದು. ಅದಕ್ಕೆ ಬರೆಯುತ್ತಿದ್ದೇನೆ. ಕಾಗುಣಿತವನ್ನು ಮಗಳು ಮಂಜುಳ ತಿದ್ದಿದ್ದಾಳೆ. ಮಾತು ನನ್ನದೇ.

ಮಂಜುಳಳಿಗಾಗಿಯೇ ನಾನಿಲ್ಲಿಗೆ ಬಂದದ್ದು. ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಎದ್ದವಲ್ಲ, ಆಗ ಅವಳಿಗೆ ಬಿಡದಿ ಕಡೆ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಬೆಳಕು ಹರಿಯುವ ಮೊದಲೇ ವ್ಯಾನು ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತಿತ್ತು. ಅಳಿಯ ಲಾರಿ ಮೇಲಿರುತ್ತಾನೆ. ಕೂಸನ್ನು ನೋಡುವವರು ಬೇಕಿತ್ತು. ನನ್ನ ಯಜಮಾನರು ತೀರಿಕೊಂಡಿದ್ದರು. ಎರಡು ಕುರಿಯನ್ನು ತಮ್ಮ ಮರಿಯಪ್ಪನ ಹಿಂಡಿಗೆ ಬಿಟ್ಟು ಬಸ್ಸು ಹತ್ತಿದೆ.

ಊರಲ್ಲಿ ಪಕ್ಕದ ಮನೆ ಎಂದರೆ ಕೂಗಿದರೆ ಕೇಳುವಷ್ಟು ದೂರ. ಇಲ್ಲಿ ಪಕ್ಕದವರು ಕೆಮ್ಮಿದರೆ ನಮ್ಮ ಗೋಡೆಯೇ ಕೆಮ್ಮುತ್ತದೆ. ಅಲ್ಲಿ ಕುರಿ ಕೂಗಿದರೆ ಎಚ್ಚರ. ಇಲ್ಲಿ ನಲ್ಲಿ ಮುಂದೆ ಕೊಡ ಬಡಿದಾಡಿದರೆ ಎಚ್ಚರ. ರಾಗಿ ಅದೇ ರಾಗಿ, ಆದರೆ ಮಿಲ್ಲಿನ ಹಿಟ್ಟು ಎಷ್ಟು ನುಣ್ಣಗೆಂದರೆ ಮುದ್ದೆ ಗಂಟಲಲ್ಲಿ ಇಳಿದದ್ದೇ ತಿಳಿಯುವುದಿಲ್ಲ. ಕೂಸು ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದವರೆಗೆ ಮಾತಾಡಲು ಒಂದು ಜೀವ ಇಲ್ಲ. ಊರಲ್ಲಾದರೆ ಕುರಿಯನ್ನಾದರೂ ಬೈಯಬಹುದಿತ್ತು.

ಗೋಡೆಯ ಆಚೆಯವಳು ನೂರಿ. ಬೊಂಬೆ ಕಾರ್ಖಾನೆಯ ಕೆಲಸದವಳು. ಒಂದು ದಿನ ಬಾಗಿಲಲ್ಲಿ ನಿಂತು, “ಅವ್ವಾ, ಒಬ್ಳೇ ಗೋಡೆ ನೋಡ್ಕೊಂಡು ಕುಂತಿದ್ದೀಯಲ್ಲ, ಅದೇನಾರ ಮಾತಾಡ್ತದಾ? ಬಾ ನನ್ ಜೊತೆ,” ಎಂದಳು.

ಹಾಗೆ ಖಾದರ್ ಸಾಹೇಬರ ಶೆಡ್ಡಿಗೆ ಹೋದೆ. ಅಲ್ಲಿ ಮರ ಲೇತಿನ ಮೇಲೆ ಗಿರಗಿರ ತಿರುಗುತ್ತದೆ. ಅದಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ನನಗೆ ಮಣಿ ಆರಿಸುವ, ಪೋಣಿಸುವ ಕೆಲಸ. ಅವರು ತಮ್ಮತಮ್ಮಲ್ಲಿ ಉರ್ದು ಆಡುತ್ತಾರೆ. ಮೊದಲು ಕಲಿತ ಮಾತು ‘ನಕ್ಕೋ’, ಬೇಡ ಎಂದು. ಆಮೇಲೆ ‘ಜರಾ’, ಸ್ವಲ್ಪ ಎಂದು, ನಮ್ಮ ಒಸಿ. ಈಗ ಚಹಾ ಕೊಡುವಾಗ “ಒಸಿ ಜರಾ” ಎನ್ನುತ್ತೇನೆ. ಯಾರೂ ನಗುವುದಿಲ್ಲ.

ಆಗ ಬೊಂಬೆಗೆ ಕೆಟ್ಟ ಕಾಲ. ಅಂಗಡಿಗಳಿಗೆ ಚೀನಾ ಪ್ಲಾಸ್ಟಿಕ್ ಬಂದಿತ್ತು. ನನ್ನದು ಕಾಯಂ ಕೆಲಸವಲ್ಲ, ಇದ್ದರೆ ಕರೆಯುತ್ತಿದ್ದರು. ಇತ್ತ ಮರಿಯಪ್ಪ, ಕೂಸು ದೊಡ್ಡದಾಯಿತಲ್ಲ, ನಿನಗಲ್ಲೇನು ಕೆಲಸ, ಬಂದು ನಮ್ಮನೆಯಲ್ಲಿರು ಎಂದು ಹೇಳಿ ಕಳಿಸುತ್ತಿದ್ದ. ತಮ್ಮ ಒಳ್ಳೆಯವನೇ. ಆದರೆ ಅವನ ಹೆಂಡತಿ ಬಡಿಸಿದಷ್ಟು ಉಂಡು ಮೂಲೆಯಲ್ಲಿ ಕೂರುವುದು ನನಗೆ ಆಗದ ಮಾತು. ಇಲ್ಲಿ ಕೆಲಸ ನಿಂತರೆ ಅದೇ ಗತಿ.

ಆ ಹೊತ್ತಿಗೆ ಬೆಂಗಳೂರಿನಿಂದ ಡಾಕ್ಟರಮ್ಮ ಬಂದರು. ಡಾಕ್ಟರಿಕೆ ಓದುವ ಮಕ್ಕಳಿಗೆ ಪಾಠ ಹೇಳುವವರು. ಮಿದುಳಿನ ಮೇಲೆ ಒಂದು ಸಿಪ್ಪೆ ಇದೆಯಂತೆ. ಎರಡು ಅಕ್ಕಿಕಾಳು ಒಂದರ ಮೇಲೊಂದು ಇಟ್ಟಷ್ಟೇ ದಪ್ಪ. ಅಷ್ಟರಲ್ಲೇ ಆರು ಪದರ. ನೋಡುವುದು, ಕೇಳುವುದು, ಮಾತು, ನೆನಪು ಎಲ್ಲಕ್ಕೂ ಅದು ಬೇಕಂತೆ. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡಿದರೂ ಮಕ್ಕಳಿಗೆ ಅರ್ಥವಾಗುತ್ತಿಲ್ಲ, ಕೈಯಲ್ಲಿ ಮುಟ್ಟಿ ನೋಡುವ ಹಾಗೆ ಮರದಲ್ಲಿ ಮಾಡಿಕೊಡಿ ಎಂದು ಚಿತ್ರ ಕೊಟ್ಟರು.

ಸಾಹೇಬರು ನನ್ನನ್ನು ಕರೆದರು. “ಅಜ್ಜೀ, ಜೋಡ್ಸೋ ಕೆಲ್ಸ ನಿಮ್ದು. ಇದು ಪಾಸಾದ್ರೆ ಇನ್ನೂ ಆರ್ಡರ್ ಬತ್ತದೆ, ನಿಮ್ಗೆ ಕಾಯಂ ಜಾಗ. ಆಗ್ಲಿಲ್ಲಾ ಅಂದ್ರೆ ನನ್ಗೂ ಇಟ್ಕೊಳ್ಳೋಕೆ ಕಷ್ಟ.”

ಗಾಜಿನ ಮುಂಬದಿಯ ಪೆಟ್ಟಿಗೆ, ಒಳಗೆ ಆರು ಅಂತಸ್ತು. ಒಂದೊಂದರಲ್ಲಿ ಒಂದೊಂದು ಬಗೆಯ ಕಣ. ಕಣವೆಂದರೆ ನಮ್ಮ ಮೈ ಕಟ್ಟಿರುವ ಸಣ್ಣ ಜೀವ. ಮೇಲಿನಿಂದ ಎರಡನೆಯದರಲ್ಲಿ ಸಾಸಿವೆಯಂತೆ ಒತ್ತಾದ ಸಣ್ಣ ಮಣಿ. ಮೂರನೆಯದರಲ್ಲಿ ಬುಗುರಿ ಮಗುಚಿಟ್ಟ ಹಾಗೆ, ಚೂಪು ಮೇಲಾದ ಗೋಪುರಗಳು. ನಾಲ್ಕರಲ್ಲಿ ಮತ್ತೆ ಸಣ್ಣವು. ಕಣ್ಣು, ಕಿವಿ, ಚರ್ಮ ಕಳಿಸುವ ಸುದ್ದಿ ಹೆಚ್ಚಾಗಿ ಬಂದಿಳಿಯುವುದು ಅಲ್ಲಿಗೆ. ಐದರಲ್ಲಿ ದೊಡ್ಡ ಗೋಪುರಗಳು, ಕೈಕಾಲಿಗೆ ಹುಕುಂ ಕಳಿಸುವವು. ಆರರಲ್ಲಿ ಕಲಸುಮೇಲೋಗರ, ಕೆಲವು ಉಣ್ಣೆ ನೂಲುವ ಕದಿರಿನ ಹಾಗೆ. ನಡುನಡುವೆ ಬುಟ್ಟಿ ಕಣ ಎಂಬವೂ ಇವೆ. ಗೋಪುರದ ಸುತ್ತ ಬುಟ್ಟಿಯಂತೆ ಎಳೆ ಹೆಣೆದು, ಅದು ಅತಿಯಾಗಿ ಕೂಗದಂತೆ ತಡೆಯುತ್ತವೆ.

“ನಮ್ಮತ್ತೆ,” ಎಂದಳು ನೂರಿ.

ಮೊದಲ ಪದರದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಚುಕ್ಕೆ. ಚಿತ್ರ ಬರೆದವರ ಕೈ ಸೋತಿರಬೇಕು ಎಂದುಕೊಂಡೆ. ಕೆಳಗಿನದೆಲ್ಲ ಅಂಟಿಸಿ ಮುಗಿಸಿ ದೂರ ನಿಂತು ನೋಡಿದರೆ ಮೇಲಿನ ಅಂತಸ್ತು ಬರಿದು. ಊರಲ್ಲಿ ರಾಗಿ ಅಳೆದು ಕೊಟ್ಟರೆ ಮೇಲೊಂದು ಹಿಡಿ ಕೊಸರು ಹಾಕುತ್ತೇವೆ. ಹಾಕದಿದ್ದರೆ, ಇವಳೆಂಥ ಹೆಂಗಸು ಎನ್ನುತ್ತಾರೆ. ಅಷ್ಟು ದೂರದಿಂದ ಬರುವವರಿಗೆ ತಲೆ ಬರಿದಾದ ಪೆಟ್ಟಿಗೆ ಕೊಡುವುದೆ? ಉಳಿದ ಮಣಿಯನ್ನೆಲ್ಲ ಅಲ್ಲಿ ಒತ್ತಾಗಿ ಅಂಟಿಸಿದೆ.

ಮಾರನೆಯ ಬೆಳಗ್ಗೆ ಮರಿಯಪ್ಪ ನನ್ನನ್ನು ಕರೆದೊಯ್ಯಲೆಂದೇ ಬಂದು ಶೆಡ್ಡಿನ ಹಲಗೆ ಮೇಲೆ ಕುಳಿತ. “ಕುರಿ ತಲೆ ಸುಡ್ತಿದ್ದೋಳು ಈಗ ಮನುಸನ್ ತಲೆ ಜೋಡಿಸ್ತಾ ಕುಂತವ್ಳೆ ನೋಡಿ ಸಾಬ್ರೇ,” ಎಂದು ನಗುತ್ತಿದ್ದ. ಅಷ್ಟರಲ್ಲಿ ಡಾಕ್ಟರಮ್ಮ ಬಂದು ಪೆಟ್ಟಿಗೆ ನೋಡಿದರು. ಮುಖ ಸಣ್ಣದಾಯಿತು.

“ಮೇಲಿನ ಪದರ ತುಂಬಿದ್ದು ಯಾರು?”

“ನಾನೇ ಕಣವ್ವ. ಕೊಸರು.”

“ಕೊಸರಾ?”

“ಬರಿದಾಗಿತ್ತು. ನೋಡ್ದೋರು ಏನಂದಾರು?”

ಸಾಹೇಬರು ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ಇದೇನು ರಾಗಿ ಸೇರಾ ಅಜ್ಜೀ? ತಲೆ ಇದು, ತಲೆ!”

“ತಲೆಗೆ ಒಸಿ ಕೊಸರು ಬಿದ್ರೆ ಒಳ್ಳೇದೇ ಅಲ್ವಾ,” ಎಂದ ಮರಿಯಪ್ಪ.

ಡಾಕ್ಟರಮ್ಮ ನಗಲಿಲ್ಲ. “ಮಕ್ಕಳು ಇದನ್ನೇ ನಿಜ ಅಂತ ಕಲೀತಾರೆ. ನಾನು ಇದನ್ನ ತಗೊಂಡು ಹೋಗೋಕಾಗಲ್ಲ.”

ಸಾಹೇಬರು ನನ್ನ ಕಡೆ ನೋಡಲೇ ಇಲ್ಲ. ಮರಿಯಪ್ಪ ಟವೆಲ್ ಕೊಡವಿ ಎದ್ದು, “ನಡಿ ಅಕ್ಕ, ಚೀಲ ಕಟ್ಕೊ,” ಎಂದ.

“ಕುತ್ಕೊಳ್ಲಾ ಸುಮ್ಕೆ,” ಎಂದೆ. ಆಮೇಲೆ ಡಾಕ್ಟರಮ್ಮನಿಗೆ, “ಬರಿದಾಗಿ ಯಾಕಿರಬೇಕು? ಅದನ್ನ ಹೇಳವ್ವ, ತಪ್ಪು ಅನ್ನೋದು ತಿಳೀತು,” ಎಂದೆ.

ಅವರು ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತರು. “ಅದು ಬರಿದಲ್ಲ ಅಜ್ಜಿ. ಅಲ್ಲಿ ಮನೆಗಳು ಕಡಿಮೆ, ಕೈಗಳು ಜಾಸ್ತಿ. ಕೆಳಗಿನ ಗೋಪುರಗಳಿದಾವಲ್ಲ, ಅವು ತುದಿಯಿಂದ ಎಳೆ ಚಾಚಿ ಮೇಲಿನ ಪದರಕ್ಕೆ ಕಳಿಸ್ತವೆ. ದೂರದ ಕಣಗಳ ಎಳೆಗಳೂ ಅಲ್ಲಿಗೇ ಬರ್ತವೆ. ಅಲ್ಲಿ ಒಂದನ್ನೊಂದು ಮುಟ್ಟಿ ಸುದ್ದಿ ತಿಳಿಸ್ತವೆ. ನೀವು ಮಣಿ ತುಂಬಿದ್ರೆ ಎಳೆಗೆ ಜಾಗ ಎಲ್ಲಿ? ಎಳೆಗಳನ್ನ ಕಾಲೇಜಲ್ಲೇ ಕಟ್ಟಿಸೋಣ ಅಂದ್ಕೊಂಡಿದ್ದೆ.”

“ನೂಲು ತಾನೆ? ಉಣ್ಣೆ ನೂತ ಕೈ ಇದು. ಸಂಜೆಗೆ ಬಾ.”

ಅವರು ಸಾಹೇಬರ ಮುಖ ನೋಡಿದರು. ಸಾಹೇಬರು ಚಾವಣಿ ನೋಡಿದರು. “ಸರಿ, ಸಂಜೆ ಬರ್ತೀನಿ,” ಎಂದು ಡಾಕ್ಟರಮ್ಮ ಹೊರಟರು.

ಉಳಿಯಲ್ಲಿ ಒಂದೊಂದೇ ಮಣಿ ಎಬ್ಬಿಸಿದೆ. ಚಿತ್ರದಲ್ಲಿದ್ದಷ್ಟನ್ನು ಮಾತ್ರ ಉಳಿಸಿದೆ. ಅರಗು ಎದ್ದು ಹಲಗೆ ಗಾಯಗಾಯವಾಯಿತು. ನೂರಿಯ ತಂಗಿ ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಕೆಲಸದವಳು, ಅವಳು ಕೊಟ್ಟ ಸಿಕ್ಕುನೂಲು ನೂರಿಯ ಮನೆಯಲ್ಲಿತ್ತು. ಸಾಹೇಬರು ಗೊಣಗುತ್ತಲೇ ಅಂತಸ್ತುಗಳಿಗೆ ಸಣ್ಣ ತೂತು ಕೊರೆದರು. ಮರಿಯಪ್ಪ ನೂಲು ಹಿಡಿದ, ನಾನು ಸಿಕ್ಕು ಬಿಡಿಸಿ ಒಂದೊಂದು ಗೋಪುರದ ತುದಿಗೆ ಕಟ್ಟಿ ಮೇಲಕ್ಕೆಳೆದು ಹರಡಿದೆ. ದೊಡ್ಡ ಗೋಪುರಗಳ ಬುಡದಿಂದ ಇನ್ನೊಂದೆಳೆ ಕೆಳಕ್ಕೆ, ಪೆಟ್ಟಿಗೆಯ ಹೊರಕ್ಕೆ. ಬೆನ್ನಹುರಿಗೆ ಹೋಗುವುದು ಅದೇ.

“ಇದೇನಕ್ಕ, ಒಂದೊಂದರ ಕೈ ಇಷ್ಟುದ್ದ?”

“ಹಿಡ್ಕೊ ಬಿಗ್ಯಾಗಿ. ಮಾತು ಆಮ್ಯಾಕೆ.”

ಸಂಜೆ ಡಾಕ್ಟರಮ್ಮ ಬಂದು ಬೆಳಕಿಗೆ ಹಿಡಿದು ನೋಡಿದರು. ಗಾಯವೆಲ್ಲ ರೇಷ್ಮೆಯಡಿ ಮುಚ್ಚಿತ್ತು. ಕೊನೆಗೆ, “ಇದು ಕೈಕಾಲು ಆಡಿಸುವ ಜಾಗದ್ದು. ಇನ್ನೊಂದು ಬೇಕು, ಕಣ್ಣಿನ ಸುದ್ದಿ ಬರುವ ಜಾಗದ್ದು. ಅದರಲ್ಲಿ ನಾಲ್ಕನೇ ಪದರ ದಪ್ಪ ಇರುತ್ತೆ, ಅಲ್ಲಿ ಬೇಕಾದಷ್ಟು ಮಣಿ ತುಂಬಿ,” ಎಂದು ನಕ್ಕರು.

ಸಾಹೇಬರು ಕಿಟಕಿ ಪಕ್ಕದ ಜಾಗ ತೋರಿಸಿದರು. “ಅಜ್ಜೀ, ಆ ಮೂಲೆ ನಿಮ್ದು. ಕೊಸರು ಮಾತ್ರ ನಕ್ಕೋ.”

ಮರಿಯಪ್ಪನನ್ನು ಕನಕಪುರದ ಬಸ್ಸಿಗೆ ಹತ್ತಿಸಲು ಹೋದೆ. ಅವನ ಬೆರಳಿಗೆ ರೇಷ್ಮೆ ಇನ್ನೂ ಅಂಟಿತ್ತು. ಅದನ್ನು ಬಿಡಿಸುತ್ತಾ ಕೇಳಿದ:

“ನಿನ್ ಕುರಿ ಏನ್ ಮಾಡ್ಲಿ? ಮಾರ್ಬುಡ್ಲಾ?”

“ಮಾರ್ಬ್ಯಾಡ.”

“ಊರಲ್ಲಿ ಕೇಳುದ್ರೆ? ಊರು ಬುಟ್ಲು ಅನ್ಲಾ?”

“ಹಂಗನ್ಬ್ಯಾಡ. ಕೆಲ್ಸಕ್ಕೆ ಹೋಗವ್ಳೆ ಅನ್ನು.”

ಅವನು ಹಾಗೇ ಹೇಳಿದನಂತೆ. ವರ್ಷಗಳಾದವು. ಕೂಸು ಈಗ ನನಗೇ ಕಾಗುಣಿತ ಹೇಳಿಕೊಡುತ್ತದೆ. ನನ್ನ ಎರಡು ಕುರಿ ಹಿಂಡಾಗಿದೆ. ಊರಿಗೆ ಬಂದಾಗ ಹಟ್ಟಿಯಲ್ಲಿ ಅವನ್ನು ಗುರುತಿಸುತ್ತೇನೆ, ಅವು ನನ್ನನ್ನು ಗುರುತಿಸುವುದಿಲ್ಲ. ಎರಡು ದಿನ ಕಳೆದರೆ ಕಿಟಕಿ ಪಕ್ಕದ ಮೂಲೆ ನೆನಪಾಗಿ ಕೈ ತುರಿಸುತ್ತದೆ. ನಾನಿಲ್ಲದಾಗ ಹೊಸಬರು ಯಾರಾದರೂ ಕೇಳಿದರೆ, ನೀವೆಲ್ಲ ಇವತ್ತಿಗೂ “ಕೆಲ್ಸಕ್ಕೆ ಹೋಗವ್ಳೆ” ಎನ್ನುತ್ತೀರಂತೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದುಬಿಡುತ್ತಾಳೆ ಎನ್ನುವ ಹಾಗೆ. ಅನ್ನಿ. ನಾನೂ ಅಲ್ಲ ಎಂದಿಲ್ಲ.