ಹೊಸ ಮೈಕ್ರೋಸ್ಕೋಪಿನ ಮೊದಲ ವರದಿ

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುತ್ತಿದ್ದ ವರ್ಷಗಳವು. ರಾಮನಗರದ ನಮ್ಮ ರೇಷ್ಮೆಹುಳು ಪರೀಕ್ಷಾ ಕೇಂದ್ರದಲ್ಲಿ ಮಾತ್ರ ತಿರುಗುತ್ತಿದ್ದ ಯಂತ್ರವೆಂದರೆ ಫ್ಯಾನು, ಅದೂ ಕರೆಂಟಿದ್ದಾಗ. ನಮ್ಮ ಸಾಹೇಬರಿಗೆ ಇದು ಮನೆತನದ ಅವಮಾನದಂತೆ ಕಾಡುತ್ತಿತ್ತು. ಅಲ್ಲಿ ಯಂತ್ರಗಳೇ ಕಾರಿಗೆ ಬಣ್ಣ ಬಳಿಯುತ್ತಿರುವಾಗ ನಾವಿನ್ನೂ ಹುಳು ಅರೆದು, ಒಂದು ಕಣ್ಣು ಮುಚ್ಚಿ, ಹಿತ್ತಾಳೆಯ ಮೈಕ್ರೋಸ್ಕೋಪಿನಲ್ಲಿ ಇಣುಕುತ್ತಿದ್ದೇವೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಹಾಗೆ ಇಣುಕುತ್ತಿದ್ದವನು ನಾನು, ಹದಿನೆಂಟು ವರ್ಷಗಳಿಂದ.

ಕೊನೆಗೂ ಹೊಸ ಮೈಕ್ರೋಸ್ಕೋಪು ಬಂತು. ಅದರ ಜೊತೆಗೆ ಕಂಪ್ಯೂಟರು, ಎಸಿ, ಸಾಹೇಬರಿಗೊಂದು ಬಿಳಿ ಕೋಟು. ಹುಳುವಿನ ರಸಕ್ಕೆ ಒಂದು ಬಣ್ಣ ಬೆರೆಸಿ ನೀಲಿ ಬೆಳಕು ಬಿಟ್ಟರೆ ಹುಳುಗಳನ್ನು ಸಾಯಿಸುವ ಗಂಟುರೋಗದ ಕಣಗಳು ಹಸಿರಾಗಿ ಹೊಳೆಯುತ್ತವೆ, ತಪ್ಪುವ ಮಾತೇ ಇಲ್ಲ ಎಂದು ಅದನ್ನು ಜೋಡಿಸಲು ಬಂದಾತ ಹೇಳಿ, ಊಟ ಮಾಡಿ ಹೋದ.

ಮಾರನೆಯ ಬೆಳಿಗ್ಗೆಯೇ ಪೂಜೆ. ಉಸ್ತುವಾರಿ ನನ್ನದು. ಯಂತ್ರದ ಮೈಗೆಲ್ಲ ಅರಿಶಿನ ಕುಂಕುಮ ಹಚ್ಚಿದೆ. ಅದರ ಮುಂದೆ, ರಸದ ಹನಿ ಬಿಟ್ಟು ನೋಡುವ ಹೊಸ ಗಾಜಿನ ಪಟ್ಟಿಗಳ ಡಬ್ಬಿಯನ್ನು ತೆರೆದಿಟ್ಟು, ಅದಕ್ಕೂ ಧಾರಾಳವಾಗಿ ಅರಿಶಿನ ಉದುರಿಸಿದೆ. ಸರ್ಕಾರಿ ಕೆಲಸದಲ್ಲಿ ನಾನು ಕೈಬಿಚ್ಚಿ ಮಾಡಿದ್ದು ಅದೊಂದೇ ಇರಬೇಕು.

ಮಂಗಳಾರತಿ ಮುಗಿಯುತ್ತಿದ್ದಂತೆ ಹೊಂಗನೂರಿನ ಒಬ್ಬ ರೈತ ಹೆಂಗಸು ಡಬ್ಬಿಯಲ್ಲಿ ಹುಳು ತುಂಬಿಕೊಂಡು ಬಂದಳು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಾದ ಹುಳುಗಳು. ಕೆಲವು ಮಾತ್ರ ಬೆಳೆದಿಲ್ಲ, ರೋಗವಿರಬಹುದು ಎಂದು ಅವಳಿಗೆ ಅನುಮಾನ. ಗಂಟುರೋಗವಾದರೆ ಮನೆಯ ಹುಳುವನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಸುರಿಯಲೇಬೇಕು, ಇಲ್ಲದಿದ್ದರೆ ಅದು ಊರಿಗೇ ಹರಡುತ್ತದೆ.

"ಒಸಿ ಚೆನ್ನಾಗ್ ನೋಡಿ ಸಾ. ಇದ್ರೆ ಐತೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ," ಎಂದಳು.

ಅಭ್ಯಾಸಬಲದಿಂದ ಮೊದಲು ನನ್ನ ಹಳೆಯ ಗಾಜಿನ ಮೇಲೆ, ಹಳೆಯ ಮೈಕ್ರೋಸ್ಕೋಪಿನಲ್ಲೇ ನೋಡಿದೆ. ಏನೂ ಇರಲಿಲ್ಲ. ಅದು ಮಹಾರಾಜರ ಕಾಲದ್ದು, ಅದಕ್ಕೇನು ಕಾಣುತ್ತೆ ಎಂದು ಸಾಹೇಬರು ನಕ್ಕು, ಬಿಳಿ ಕೋಟು ತೊಟ್ಟು ಎಸಿ ಕೋಣೆಗೆ ನಡೆದರು. ಡಬ್ಬಿಯಿಂದ ಹೊಸ ಗಾಜು ತೆಗೆದು ಬಣ್ಣ ಬೆರೆಸಿದ ರಸದ ಹನಿ ಬಿಟ್ಟುಕೊಟ್ಟೆ. ಪರದೆಯ ತುಂಬ ಹಸಿರು ಚುಕ್ಕಿಗಳು ಝಗಮಗಿಸಿದವು. ಜವಾನನಿಂದ ಹಿಡಿದು ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲಷ್ಟೇ ಅವಳು ಬಾಗಿಲಲ್ಲಿ ನಿಂತಿದ್ದಾಳೆಂಬುದು ನೆನಪಾಯಿತು.

ಗಂಟುರೋಗದ ಕಣ ಅಕ್ಕಿಕಾಳಿನಂತೆ ಅಚ್ಚುಕಟ್ಟಾಗಿರುತ್ತದೆ. ಇವು ಗುಂಡಗೆ, ಉದ್ದಕ್ಕೆ, ಮುರುಕು ಮುರುಕಾಗಿದ್ದವು. ನನಗದು ಕಂಡಿತ್ತು. ಆದರೂ ಅಷ್ಟು ಚೆಂದದ ಚಿತ್ರದ ಎದುರು ಬಾಯಿ ಬಿಡಲು ಧೈರ್ಯ ಬರಲಿಲ್ಲ. ಗಂಟುರೋಗ ಇದೆ ಎಂದು ಸಾಹೇಬರು ವರದಿ ಬರೆದರು, ನಾನು ಸಹಿ ಹಾಕಿದೆ. ಅವಳು ಖಾಲಿ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದಳು.

ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಅದೇ ಹೊಸ ಗಾಜುಗಳ ಡಬ್ಬಿಯಿಂದ ಒಂದನ್ನು, ಹನಿಯೂ ಇಲ್ಲದೆ, ಹೊಸ ಯಂತ್ರಕ್ಕಿಟ್ಟೆ. ಅದೇ ಹಸಿರು ಚುಕ್ಕಿಗಳು. ಸ್ಪಿರಿಟ್ಟಿನಲ್ಲಿ ತೊಳೆದಿಟ್ಟೆ, ಕತ್ತಲು. ಬೆರಳಲ್ಲಿ ಚಿಟಿಕೆ ಅರಿಶಿನ ಸವರಿದೆ, ಮತ್ತೆ ಝಗಮಗ. ನೀಲಿ ಬೆಳಕಿಗೆ ಅರಿಶಿನವೂ ಹಸಿರಾಗಿ ಹೊಳೆಯುತ್ತದೆಂದು ನನಗೆ ತಿಳಿದದ್ದು ಹೀಗೆ.

ಸಾಹೇಬರಿಗೆ ಹೇಳಿದೆ. ಆ ಹಸಿರು ಚುಕ್ಕಿಗಳ ಫೋಟೋ ಆಗಲೇ ಬೆಂಗಳೂರಿಗೆ ಹೋಗಿಯಾಗಿದೆ, ಮೇಲಿನವರು ಮೆಚ್ಚಿಯೂ ಆಗಿದೆ, ಬೇಕಿದ್ದರೆ ನೀನೇ ಹೋಗಿ ಬಾಯಿಮಾತಲ್ಲಿ ಹೇಳಿ ಬಾ ಎಂದರು. ಕೋಟು ಮಾತ್ರ ಬಿಚ್ಚಲಿಲ್ಲ.

ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ಹೊಂಗನೂರು ಮುಟ್ಟುವಷ್ಟರಲ್ಲಿ ಅವಳ ಹಿತ್ತಿಲಲ್ಲಿ ಗುಂಡಿ ಮುಚ್ಚಿತ್ತು. ಮೇಲೆ ಸುಣ್ಣ ಬೆಳ್ಳಗೆ ಹರಡಿತ್ತು. ಬೆಳಗಿನ ಜಾವದಲ್ಲೇ ಒಬ್ಬಳೇ ನಿಂತು ಎಲ್ಲ ಮುಗಿಸಿದ್ದಳಂತೆ. ಕೈ ತೊಳೆದುಕೊಂಡು ಬಂದು ನನಗೆ ಚಾಪೆ ಹಾಸಿ, ಕಾಫಿ ಕೊಟ್ಟಳು. ನಾನು ಮಾತು ಶುರು ಮಾಡುವ ಮೊದಲೇ ಅವಳು ಮಾತಾಡಿದಳು.

"ನೀವ್ ಹೇಳಿದ್ದು ಒಳ್ಳೇದಾಯ್ತು ಸಾ. ಇಲ್ದಿದ್ರೆ ಊರೋರ್ ಹುಳಕ್ಕೆಲ್ಲ ತಗುಲ್ಬುಡ್ತಿತ್ತು, ನಾನ್ ಯಾರ್ ಮಕ ನೋಡ್ಬೇಕಾಗಿತ್ತು? ಮುಂದಿನ್ ಬೆಳೆಗೂ ಆ ಹೊಸ ಮಿಸಿನ್‌ನಲ್ಲೇ ನೋಡ್ಕೊಡಿ."

ಲೋಟ ಕೆಳಗಿಟ್ಟು, "ಆಯ್ತು ಕಣವ್ವ," ಎಂದೆ.