ಎಡಗೈಯ ಹುಣಸೆ ಬೀಜ

ಅವಳ ಎಡಗೈ ಉಗುರುಗಳಲ್ಲಿ ಮಾತ್ರ ಹುಣಸೆಯ ಕಂದು ಕರೆಯಿತ್ತು. ಬಲಗೈ ಉಗುರುಗಳು ಸ್ವಚ್ಛವಾಗಿದ್ದವು.

ದೊಡ್ಡೇರಿ ಕಡೆಯ ಒಂದು ಶಾಲೆಯ ಆರು ವರ್ಷದ ಹುಡುಗಿ. ಎಡಗೈ ಬಳಸುವ ಮಕ್ಕಳು ಇಂಗ್ಲಿಷಿನ ಸದ್ದುಗಳನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಹೆಡ್‌ಫೋನಿನಲ್ಲಿ ಎರಡು ಸದ್ದು ಬರುತ್ತವೆ. ಬೇರೆ ಬೇರೆ ಅನಿಸಿದರೆ, ಮುಂದಿನ ಜೋಡಿ ಬರುವುದರೊಳಗೆ ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕಬೇಕು. ನಮ್ಮ ‘ವ’ ಒಂದೇ. ಇಂಗ್ಲಿಷಿನಲ್ಲಿ ಅದು ಎರಡು, ವಿ ಮತ್ತು ಡಬ್ಲ್ಯೂ. ಉಚ್ಚರಿಸಲು ಅಭ್ಯಾಸ ಮಾಡಿಕೊಂಡಿದ್ದೇನೆ. ಬರೀ ಕಿವಿಯಿಂದ ಬೇರ್ಪಡಿಸಲು ಎಂ.ಎ. ಮುಗಿಸಿದ ನನಗೂ ಕಷ್ಟ.

ಅವಳ ಬೀಜಗಳೆಲ್ಲ ತಡವಾಗಿ ಬಿದ್ದವು. ಹಾಳೆಯ ತುಂಬ ತಪ್ಪು ಗುರುತು.

ಮುಖ್ಯೋಪಾಧ್ಯಾಯಿನಿ ಹಾಳೆ ನೋಡಿ, “ಇವ್ಳನ್ನ ಇಂಗ್ಲಿಷ್ ಸೆಕ್ಷನ್‌ಗೆ ಹಾಕೋದು ಬೇಡ ಬಿಡಿ. ನಾಳೆ ಪಟ್ಟಿ ಹೋಗ್ಬೇಕು,” ಎಂದರು.

ಆ ಉಗುರುಗಳು ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಸಂಜೆ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಅಜ್ಜಿ ಹುಣಸೆ ಹಣ್ಣು ಕುಟ್ಟುತ್ತಿದ್ದರು. ಹುಡುಗಿ ಎಡಗೈಯಲ್ಲಿ ಸರಸರನೆ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಆ ಕೈ ಲಂಗದ ಹಿಂದೆ ಹೋಯಿತು. ಒಂದು ಬೀಜ ಕೊಡು ಎಂದೆ. ಎಡಗೈಯಲ್ಲಿ ಎತ್ತಿಕೊಂಡು, ಬಲಗೈಗೆ ದಾಟಿಸಿ, ಆಮೇಲೆ ಕೊಟ್ಟಳು.

“ನಾನೇ ಹೇಳಿವ್ನಿ ಕಣಮ್ಮ, ದೊಡ್ಡೋರಿಗೆ ಎಡಗೈಲಿ ಏನೂ ಕೊಡ್ಬ್ಯಾಡ ಅಂತ,” ಎಂದರು ಅಜ್ಜಿ.

ಶಾಲೆಯಲ್ಲಿ ಬಟ್ಟಲು ನನ್ನದಾಗಿತ್ತು. ಅದಕ್ಕೆ ಹಾಕುವುದೂ ನನಗೆ ಕೊಟ್ಟಂತೆಯೇ ಎಂದು ತಿಳಿದು ಅವಳು ಪ್ರತಿ ಬೀಜಕ್ಕೂ ಕೈ ಬದಲಿಸಿದ್ದಳು.

ಅಜ್ಜಿಯ ಮೊರವನ್ನು ಬಾಯಿಗೆ ಅಡ್ಡ ಹಿಡಿದೆ. “ಸದ್ದು ಬೇರೆ ಆದಾಗ ಮೊರಕ್ಕೆ ಎಸಿ. ಯಾವ ಕೈಯಾದ್ರೂ ಸರಿ.”

ವಿ, ಡಬ್ಲ್ಯೂ ಸದ್ದುಗಳನ್ನು ಜೋಡಿ ಜೋಡಿಯಾಗಿ ಹೇಳುತ್ತಾ ಹೋದೆ. ಬೇರೆಯಾದಾಗಲೆಲ್ಲ ನಾನು ಉಸಿರೆಳೆದುಕೊಳ್ಳುವ ಮೊದಲೇ ಬೀಜ ಟಪ್ಪನೆ ಬಂದು ಬಡಿಯಿತು. ಒಂದೂ ತಪ್ಪಲಿಲ್ಲ.

ಅಜ್ಜಿ ನಕ್ಕರು. “ಅದೇನವ್ವ ವಾ ವಾ ಅಂತೀರಿ, ಎಲ್ಡೂ ಒಂದೇ!”

“ನಿಂಗೆ ಕಿವಿ ಕೇಳಾಕಿಲ್ಲ ಕಣಜ್ಜಿ. ಒಂದ್ರಲ್ಲಿ ತುಟಿ ಕಚ್ತಾರೆ, ಇನ್ನೊಂದ್ರಲ್ಲಿ ಊದ್ತಾರೆ.”

ನನ್ನ ತುಟಿ ಅವಳಿಗೆ ಕಾಣುತ್ತಿರಲಿಲ್ಲ. ನಾನು ಪುಸ್ತಕ ಓದಿ ಕಲಿತದ್ದನ್ನು ಅವಳು ಕೇಳಿಯೇ ಹೇಳಿದ್ದಳು. ಮೊರ ಕೆಳಗಿಟ್ಟು, ಅಜ್ಜಿಯಿಂದ ಒಂದು ಬಟ್ಟಲು ಕೇಳಿ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ, ಪ್ರಾರ್ಥನೆಗೆ ಮೊದಲು, ಅವಳ ಮನೆಯದೇ ಬಟ್ಟಲನ್ನು ಅವಳ ಎಡಕ್ಕಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿದೆ. ಹೊಸ ಹಾಳೆಯನ್ನು ಮುಖ್ಯೋಪಾಧ್ಯಾಯಿನಿಗೆ ಕೊಟ್ಟು, ಅವರು ಪಟ್ಟಿಯಲ್ಲಿ ಅವಳ ಹೆಸರು ಬರೆಯುವವರೆಗೂ ನಿಂತಿದ್ದೆ. ಆಮೇಲೆ, ಹೋದ ವಾರ ಮದಲೂರಿನ ಎಡಗೈ ಮಕ್ಕಳಿಗೆ ನಾನು ಹಾಕಿದ್ದ ತಪ್ಪು ಗುರುತುಗಳ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಮತ್ತೆ ಅಲ್ಲಿಗೆ ಹೋಗಲು ಸಿರಾ ಬಸ್ಸು ಹತ್ತಿದೆ.